ತಿಂಗಳ ರಿಪೋರ್ಟ್ ನಿಲ್ಲುತ್ತದೆ, ಇನ್ನು ಆರು ತಿಂಗಳಿಗೊಮ್ಮೆ ಲೆಕ್ಕ

ಗ್ರಾಹಕರಿಗೆ ನಮಸ್ಕಾರ.

ಪ್ರತಿ ತಿಂಗಳು ನಿಮ್ಮ ವಾಟ್ಸಾಪ್‌ಗೆ ಬರುತ್ತಿದ್ದ ಮ್ಯೂಚುವಲ್ ಫಂಡ್ ರಿಪೋರ್ಟನ್ನು ಬರುವ ತಿಂಗಳಿಂದ ನಿಲ್ಲಿಸುತ್ತಿದ್ದೇವೆ. ಅದರ ಬದಲು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಎರಡು ಪುಟದ ಲೆಕ್ಕ ಬರುತ್ತದೆ. ನಿಮ್ಮ ಎಸ್‌ಐಪಿ (ತಿಂಗಳ ಕಂತು), ಫೋಲಿಯೊ (ಫಂಡ್‌ನ ಖಾತೆ ಸಂಖ್ಯೆ), ಹಣ ತೆಗೆಯುವ ದಾರಿ ಎಲ್ಲವೂ ಈಗಿರುವಂತೆಯೇ ಇರುತ್ತವೆ. ನಡುವೆ ಯಾವತ್ತು ಕೇಳಿದರೂ ಅವತ್ತಿನ ಮೌಲ್ಯ ಹೇಳುತ್ತೇವೆ.

ಹಳೇ ರಿಪೋರ್ಟ್‌ನಲ್ಲಿ 'ಕಳೆದ ತಿಂಗಳು' ಎಂಬ ಕಾಲಂ ಎಲ್ಲಕ್ಕಿಂತ ಮುಂದಿತ್ತು, ಅದಕ್ಕೆ ಕೆಂಪು-ಹಸಿರು ಬಣ್ಣ ಬೇರೆ. ಮಗಳ ಕಾಲೇಜಿಗೆಂದು ಹನ್ನೆರಡು ವರ್ಷಕ್ಕೆ ಇಟ್ಟ ದುಡ್ಡನ್ನು ಮೂವತ್ತು ದಿನದ ಬಣ್ಣ ನೋಡಿ ಅಳೆಯುವ ಹಾಗಾಯಿತು. ಅದು ನಾವು ಮಾಡಿದ ತಪ್ಪು.

ಒಂದು ವರ್ಷದ ಅಂಕಿಯೂ ಅಷ್ಟೇ ದಾರಿ ತಪ್ಪಿಸುತ್ತದೆ. ಮಾರ್ಚ್ ಕೊನೆಗೆ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಎಲ್ಲಿತ್ತು ನೋಡಿ: 2019ರಲ್ಲಿ 38,672, 2020ರಲ್ಲಿ 29,468, 2021ರಲ್ಲಿ 49,509, 2022ರಲ್ಲಿ 58,568, 2023ರಲ್ಲಿ 58,991. ಮೊದಲ ವರ್ಷ ಶೇ 24 ಇಳಿತ, ಮರುವರ್ಷ ಶೇ 68 ಏರಿಕೆ, ಆಮೇಲೆ ಶೇ 18, ಕೊನೆಯ ವರ್ಷ ಶೇ 1 ಕೂಡ ಇಲ್ಲ. ನಾಲ್ಕನ್ನೂ ಕೂಡಿಸಿ ಭಾಗಿಸಿದರೆ ಸುಮಾರು ಶೇ 16 ಬರುತ್ತದೆ, ನೋಡಲು ಚಂದ. ಆದರೆ 38,672 ಹೋಗಿ 58,991 ಆಗಲು ವರ್ಷಕ್ಕೆ ಶೇ 11ರ ಚಕ್ರಬಡ್ಡಿ ಸಾಕು. ಶೇ 24 ಕಳೆದುಕೊಂಡ ನೂರು ರೂಪಾಯಿ 76ಕ್ಕೆ ಬಂದಿರುತ್ತದೆ. ಅದು ಮತ್ತೆ ನೂರಾಗಲು ಶೇ 32 ಏರಬೇಕು. ಸರಳ ಸರಾಸರಿ ಇದನ್ನು ನುಂಗಿಬಿಡುತ್ತದೆ. ಇನ್ನೊಂದು ಗಮನಿಸಿ: ಸಿಕ್ಕಿದ್ದು ಶೇ 11, ಆದರೆ ಆ ನಾಲ್ಕರಲ್ಲಿ ಒಂದು ವರ್ಷವೂ ಹನ್ನೊಂದರ ಹತ್ತಿರ ಸುಳಿದಿಲ್ಲ.

ಹಾಗಾದರೆ ದೀರ್ಘಾವಧಿಯ ಅಂಕಿ ನಂಬಬಹುದೇ? ಅದೂ ಎಲ್ಲಿಂದ ಎಣಿಸುತ್ತೀರಿ ಎನ್ನುವುದರ ಮೇಲೆ ನಿಂತಿದೆ. 2024ರ ಸೆಪ್ಟೆಂಬರ್ 26ರಂದು ಸೆನ್ಸೆಕ್ಸ್ 85,836ಕ್ಕೆ ಮುಗಿಯಿತು. 2008ರ ಜನವರಿ 8ರ 20,873ರಿಂದ ಎಣಿಸಿದರೆ ವರ್ಷಕ್ಕೆ ಶೇ 8.8. 2009ರ ಮಾರ್ಚ್ 9ರ 8,160ರಿಂದ ಎಣಿಸಿದರೆ ಶೇ 16.3. ಕೊನೆಯ ದಿನ ಒಂದೇ, ಶುರುವಿಗೆ ಹದಿನಾಲ್ಕು ತಿಂಗಳ ವ್ಯತ್ಯಾಸ. ಜಾಹೀರಾತಿನಲ್ಲಿ ಯಾವ ತಾರೀಕು ಹಿಡಿಯುತ್ತಾರೆಂದು ಹೇಳಬೇಕಾಗಿಲ್ಲ. 2008ರ ಜನವರಿಯಲ್ಲಿ ಒಂದೇ ಗಂಟಿನಲ್ಲಿ ಹಾಕಿದವರಿಗೆ 2013ರ ಆಗಸ್ಟ್‌ನಲ್ಲೂ ಸೆನ್ಸೆಕ್ಸ್ 18,000ದ ಆಸುಪಾಸಿನಲ್ಲೇ ಇತ್ತು. ಐದೂವರೆ ವರ್ಷ ಕಾದರೂ ಅಸಲಿಗೆ ಕೊರತೆ. 'ಐದು ವರ್ಷ ಬಿಟ್ಟರೆ ನಷ್ಟವೇ ಇಲ್ಲ' ಎಂಬ ಮಾತನ್ನು ನಾವು ಆಡದಿರುವುದು ಇದಕ್ಕೇ.

ಟಿವಿಯ 'ಪಾಯಿಂಟ್' ಲೆಕ್ಕವನ್ನಂತೂ ಬಿಟ್ಟುಬಿಡಿ. 2004ರ ಮೇ 17ರಂದು ಬಿದ್ದದ್ದು 564 ಪಾಯಿಂಟ್, ಶೇ 11. 2024ರ ಜೂನ್ 4ರಂದು 4,389 ಪಾಯಿಂಟ್, ಶೇ 5.7.

ಹೊಸ ಲೆಕ್ಕದಲ್ಲಿ ಫಂಡ್‌ವಾರು ಬದಲು ಉದ್ದೇಶವಾರು ಸಾಲುಗಳಿರುತ್ತವೆ: ಮನೆ, ಓದು, ನಿವೃತ್ತಿ. ಪ್ರತಿ ಸಾಲಿಗೂ ಎಕ್ಸ್‌ಐಆರ್‌ಆರ್ (XIRR), ಅಂದರೆ ಪ್ರತಿ ಕಂತನ್ನೂ ಅದು ಬಿದ್ದ ತಾರೀಕಿನಿಂದಲೇ ಎಣಿಸಿದ ವಾರ್ಷಿಕ ದರ. ಒಂದು ವರ್ಷ ತುಂಬದ ಹೂಡಿಕೆಗೆ ಈ ದರ ಹಾಕುವುದಿಲ್ಲ, ಬರೀ ರೂಪಾಯಿ ತೋರಿಸುತ್ತೇವೆ. ತಿಂಗಳಲ್ಲಿ ಶೇ 2 ಬಂದದ್ದನ್ನು ಎಕ್ಸ್‌ಐಆರ್‌ಆರ್ ವರ್ಷಕ್ಕೆ ಶೇ 27ರಂತೆ ಹಿಗ್ಗಿಸುತ್ತದೆ, ಇಳಿದಾಗಲೂ ಹಾಗೆಯೇ. ಪಕ್ಕದಲ್ಲಿ ಹೋಲಿಕೆಗೆ, ನಿಮ್ಮ ಕಂತುಗಳೇ ಅದೇ ದಿನಗಳಲ್ಲಿ ನಿಫ್ಟಿ 50 ಸೂಚ್ಯಂಕದ ಟಿಆರ್‌ಐಗೆ (ಟೋಟಲ್ ರಿಟರ್ನ್ ಇಂಡೆಕ್ಸ್) ಬಿದ್ದಿದ್ದರೆ ಎಷ್ಟಾಗುತ್ತಿತ್ತು ಎಂಬ ಅಂಕಿ ಇರುತ್ತದೆ. ಟಿಆರ್‌ಐ ಡಿವಿಡೆಂಡನ್ನೂ, ಅಂದರೆ ಕಂಪನಿಗಳು ಹಂಚುವ ಲಾಭವನ್ನೂ, ಸೇರಿಸಿಕೊಳ್ಳುತ್ತದೆ. ಮೇಲೆ ಕೊಟ್ಟ ಸೆನ್ಸೆಕ್ಸ್ ಅಂಕಿಗಳಲ್ಲಿ ಡಿವಿಡೆಂಡ್ ಇಲ್ಲ. ಬರೀ ಸೂಚ್ಯಂಕದ ಜೊತೆ ಹೋಲಿಸಿದರೆ ಫಂಡ್ ಇರುವುದಕ್ಕಿಂತ ಜಾಣನಂತೆ ಕಾಣುತ್ತದೆ. ಷೇರುಪೇಟೆ ನಿಯಂತ್ರಕ ಸೆಬಿ 2018ರ ಫೆಬ್ರವರಿಯಿಂದ ಫಂಡ್‌ಗಳಿಗೆ ಟಿಆರ್‌ಐ ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ.

ನಮ್ಮ ಅಂಕಿಯನ್ನು ನೀವೇ ತಾಳೆ ನೋಡಬಹುದು. ಎಕ್ಸೆಲ್‌ನ ಒಂದು ಕಾಲಂನಲ್ಲಿ ತಾರೀಕು, ಇನ್ನೊಂದರಲ್ಲಿ ಮೊತ್ತ. ಹಾಕಿದ ದುಡ್ಡಿಗೆ ಮೈನಸ್, ತೆಗೆದದ್ದಕ್ಕೆ ಪ್ಲಸ್, ಕೊನೇ ಸಾಲಿಗೆ ಇವತ್ತಿನ ಮೌಲ್ಯ ಪ್ಲಸ್ ಆಗಿ. ಆಮೇಲೆ ಎಕ್ಸ್‌ಐಆರ್‌ಆರ್ ಸೂತ್ರ. ಎರರ್ ಬಂದರೆ ಬಹುತೇಕ ಮೈನಸ್ ಹಾಕಲು ಮರೆತಿರುತ್ತೀರಿ. ಎರರ್ ಬರದೆ ಉತ್ತರ ಮಾತ್ರ ವಿಚಿತ್ರವಾಗಿದ್ದರೆ ತಾರೀಕು ನೋಡಿ: ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 5-4-2023 ಏಪ್ರಿಲ್ 5ರ ಬದಲು ಮೇ 4 ಆಗಿಬಿಡುತ್ತದೆ. ಬ್ಯಾಂಕ್ ಖಾತೆಗೆ ಬಂದ ಡಿವಿಡೆಂಡನ್ನು ಬರೆಯದಿದ್ದರೆ ದರ ಕಡಿಮೆ ಕಾಣುತ್ತದೆ.

ನಿಮ್ಮಿಂದ ಎರಡು ಬೇಕು. ಬೇರೆಡೆ ಅಥವಾ ನೇರವಾಗಿ ಕೊಂಡ ಫಂಡ್‌ಗಳೂ ಲೆಕ್ಕಕ್ಕೆ ಬರಬೇಕೆಂದರೆ ಫಂಡ್‌ಗಳ ಖಾತೆ ದಾಖಲೆ ನೋಡಿಕೊಳ್ಳುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಜಾಲತಾಣದಿಂದ ಸಿಎಎಸ್ (ಎಲ್ಲ ಫಂಡ್‌ಗಳ ಒಟ್ಟು ಖಾತೆ ವಿವರ) ತರಿಸಿ ಕಳಿಸಿ. 'ಸಮ್ಮರಿ' ಬೇಡ, 'ಡಿಟೇಲ್ಡ್' ಆರಿಸಿ, ಅವಧಿಯನ್ನು ಮೊದಲ ಹೂಡಿಕೆಯ ದಿನದಿಂದ ಹಾಕಿ. ಕಂತುಗಳ ತಾರೀಕಿಲ್ಲದೆ ಎಕ್ಸ್‌ಐಆರ್‌ಆರ್ ಆಗದು. ಪಾಸ್‌ವರ್ಡನ್ನು ಫೈಲ್ ಜೊತೆ ಕಳಿಸಬೇಡಿ, ಫೋನ್‌ನಲ್ಲಿ ಹೇಳಿ.

ಎರಡನೆಯದು, ಯಾವ ದುಡ್ಡು ಯಾವ ವರ್ಷ ಬೇಕು ಎಂದು ಬರೆದು ಕಳಿಸಿ. ಮೂರು ವರ್ಷದೊಳಗೆ ಬೇಕಾದದ್ದು ಷೇರು ಫಂಡ್‌ನಲ್ಲಿದ್ದರೆ ಅಕ್ಟೋಬರ್‌ವರೆಗೆ ಕಾಯಬೇಡಿ, ಈ ವಾರವೇ ಫೋನ್ ಮಾಡಿ.