ಜಿಂಕೆ ಜಾಸ್ತಿ, ಕುದುರೆ ಕಮ್ಮಿ

ಆತ್ಮೀಯ ಸದಸ್ಯರೇ,

ಅಕ್ಟೋಬರ್ ರಜೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಸ್ಕಾಟ್ಲೆಂಡಿನ ಬೆಟ್ಟಸೀಮೆ ಹೈಲ್ಯಾಂಡ್ಸ್ ಕಡೆ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ಈ ಸಲ ಹೊರಡುವ ಮುಂಚೆ ಒಂದು ಮಾತು. ದಾರಿಯಲ್ಲಿ ಸಿಗುವ ಜಿಂಕೆಗಾಗಲಿ ಕುದುರೆಗಾಗಲಿ ದಯವಿಟ್ಟು ಏನೂ ತಿನ್ನಿಸಬೇಡಿ.

ಗ್ಲೆನ್ ಎಟಿವ್ ಕಣಿವೆಯ ರಸ್ತೆಯಲ್ಲಿ ಕಾರು ನಿಲ್ಲಿಸಿದರೆ ಕೆಲವು ಗಂಡು ಜಿಂಕೆಗಳು ಕಿಟಕಿಗೇ ಮೂತಿ ತರುತ್ತವೆ. ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಕೈಯಲ್ಲಿದ್ದ ಬ್ರೆಡ್ಡು, ಚಿಪ್ಸು ಕೊಟ್ಟುಬಿಡುತ್ತಾರೆ. ಮೆಲುಕು ಹಾಕುವ ಪ್ರಾಣಿಗೆ ಅದು ಒಗ್ಗುವುದಿಲ್ಲ. ಜನರ ಭಯ ಬಿಟ್ಟ ಜಿಂಕೆ ರಸ್ತೆಯಲ್ಲೇ ಸುಳಿದಾಡಿ ಗಾಡಿಗೆ ಸಿಕ್ಕಿ ಸಾಯುತ್ತದೆ. ಅದೂ ಅಲ್ಲದೆ ಈಗ ಅವು ಬೆದೆಗೆ ಬರುವ ಕಾಲ. ಕೆಸರಲ್ಲಿ ಹೊರಳಿ ಮೈ ಕಪ್ಪಾಗಿರುತ್ತದೆ, ಕೊಂಬಿಗೆ ಹುಲ್ಲು ಸಿಕ್ಕಿಕೊಂಡಿರುತ್ತದೆ. ಮೇವಿನ ಕಡೆಗೂ ಗಮನವಿಲ್ಲ. ಕತ್ತು ಚಾಚಿ ಗುಟುರು ಹಾಕಿದರೆ ಕಣಿವೆಯ ಆಚೆ ದಡಕ್ಕೂ ಕೇಳುತ್ತದೆ. ದೂರ ನಿಂತು ಕೇಳಿ, ಅದರಷ್ಟು ಚೆಂದ ಬೇರೆ ಇಲ್ಲ.

ಇಷ್ಟು ಚೆಂದದ ಪ್ರಾಣಿಯನ್ನು ಯಾಕೆ ಗುಂಡಿಟ್ಟು ಕೊಲ್ಲುತ್ತಾರೆ ಅಂತ ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಬಂಡೀಪುರದಲ್ಲಾದರೆ ಹುಲಿ ಇದೆ, ಸೀಳುನಾಯಿ ಇದೆ. ಇಲ್ಲಿ ಜಿಂಕೆಯನ್ನು ಬೇಟೆಯಾಡುತ್ತಿದ್ದ ತೋಳದ ಸಂತತಿ ಅಳಿದು ಸುಮಾರು 300 ವರ್ಷವಾಯಿತು. 1990ರಲ್ಲಿ ಅಂದಾಜು 5 ಲಕ್ಷವಿದ್ದ ಸ್ಕಾಟ್ಲೆಂಡಿನ ಜಿಂಕೆಗಳು ಈಗ 10 ಲಕ್ಷದ ಹತ್ತಿರ ಬಂದಿವೆ. ಪೈನ್ ಸಸಿ ಗೇಣುದ್ದ ಆಗುವ ಮೊದಲೇ ಅವು ಚಿಗುರು ಕಡಿದು ಹಾಕುತ್ತವೆ. ಮೇವು ಸಾಲದೆ ಚಳಿಗಾಲದಲ್ಲಿ ತಾವೇ ಬಡಕಲಾಗಿ ಸಾಯುತ್ತವೆ. ಕೇರ್ನ್‌ಗಾರ್ಮ್ಸ್‌ನ ಗ್ಲೆನ್ ಫೆಶಿ ಕಣಿವೆಯಲ್ಲಿ ಜಿಂಕೆಗಳ ಸಂಖ್ಯೆಯನ್ನು ತುಂಬ ಇಳಿಸಿದ ಮೇಲೆ, ಬೇಲಿಯನ್ನೇ ಹಾಕದೆ ಎಳೆಯ ಪೈನ್ ಮರಗಳು ಎದ್ದು ನಿಂತಿವೆ. ಮನಸ್ಸಿಗೆ ಕಷ್ಟವಾದರೂ ಈ ಕೆಲಸ ಆಗಲೇಬೇಕು ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೂ ಇದನ್ನು ಮುಚ್ಚಿಡದೆ ಹೇಳೋಣ.

ಗುಂಡೇಟಿಗೆ ಸತ್ತ ಜಿಂಕೆಯನ್ನು ಬೆಟ್ಟದಿಂದ ಇಳಿಸಲು ಹೈಲ್ಯಾಂಡ್ ಪೋನಿ ಎಂಬ ಗಿಡ್ಡ ಕುದುರೆಗಳೇ ಬೇಕಿತ್ತು. ರಮ್ ದ್ವೀಪದಲ್ಲೂ ಬಹುಕಾಲ ಇದೇ ರೂಢಿ. ಗಿಡ್ಡ ಕಾಲು, ದಪ್ಪ ಜೂಲು, ಎಷ್ಟೋ ಕುದುರೆಗಳಿಗೆ ಬೆನ್ನುದ್ದಕ್ಕೂ ಒಂದು ಕಪ್ಪು ಗೆರೆ. ಹೆಜ್ಜೆ ಹೂತುಹೋಗುವ ಜೌಗಿನಲ್ಲೂ ಹೊರೆ ಹೊತ್ತು ಇಳಿಯುತ್ತವೆ. ಎರಿಸ್ಕೇ ದ್ವೀಪದ ಪೋನಿಗಳ ಕಥೆ ಇನ್ನೂ ಕರುಣಾಜನಕ. ಅಲ್ಲಿನ ಬಡ ರೈತರಿಗೆ ಒಲೆಗೆ ಪೀಟ್ (ಜೌಗಿನಿಂದ ಕಡಿದು ಒಣಗಿಸಿ ಉರಿಸುವ ಮಣ್ಣು), ಗದ್ದೆಯ ಗೊಬ್ಬರಕ್ಕೆ ಕಡಲಕಳೆ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ತಂದ ಕುದುರೆಗಳು ಅವು. ಯಂತ್ರ ಬಂದ ಮೇಲೆ ಯಾರಿಗೂ ಬೇಡವಾದವು. 1970ರ ದಶಕದ ಆರಂಭದಲ್ಲಿ ಉಳಿದಿದ್ದು ಸುಮಾರು 20 ಮಾತ್ರ. ಊರಿನ ಕೆಲವರು ಪಟ್ಟು ಹಿಡಿದು ತಳಿ ಉಳಿಸಿದ್ದರಿಂದ ಇವತ್ತು ನಾವು ನೋಡಲು ಸಾಧ್ಯವಾಗಿದೆ.

ಬೆಟ್ಟದಲ್ಲಿ ತಮ್ಮಷ್ಟಕ್ಕೆ ಮೇಯುವ ಈ ಹಿಂಡುಗಳು ಕಾಡುಕುದುರೆ ಅಲ್ಲ, ಪ್ರತಿಯೊಂದಕ್ಕೂ ಒಡೆಯರಿದ್ದಾರೆ. ನೀವು ಕೊಡುವ ಒಂದು ಕ್ಯಾರೆಟ್ ಅವತ್ತಿನ ಎಷ್ಟನೆಯದೋ ಯಾರಿಗೆ ಗೊತ್ತು? ಸಿಹಿ ಜಾಸ್ತಿಯಾದರೆ ಗೊರಸಿನ ಒಳಗೆ ಉರಿಯೂತವಾಗಿ ಕುದುರೆಗೆ ನಿಲ್ಲಲೂ ಆಗುವುದಿಲ್ಲ. ಮರಿ ಇದ್ದರಂತೂ ತಾಯಿ-ಮರಿಯ ನಡುವೆ ಹೋಗಲೇಬೇಡಿ.

ಜಿಂಕೆ ಓಡಾಡುವ ಹುಲ್ಲಿನಲ್ಲಿ ಉಣ್ಣಿ ಇರುತ್ತವೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣ್ಣಿಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನವು ಲೈಮ್ ಕಾಯಿಲೆ ಹರಡುತ್ತವೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳಿ. ಸಂಜೆ ಮಕ್ಕಳ ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂಬದಿ ನೋಡಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಆಮೇಲಿನ ದಿನಗಳಲ್ಲಿ ಆ ಜಾಗದ ಸುತ್ತ ಕೆಂಪು ಹರಡಿದರೆ ಡಾಕ್ಟರಿಗೆ ತೋರಿಸಿ.