ಹಿಂಬಾಕಿಯ ತಿಂಗಳು ಎಣಿಸುವ ಮೊದಲು ತಾರೀಖು ಬರೆಯಿರಿ

ಮಾನ್ಯ ಸಂಪಾದಕರೇ,

ಸಾರಿಗೆ ನೌಕರರ ಮುಷ್ಕರದ ಸುದ್ದಿ ಬಂದಾಗಲೆಲ್ಲ ಚರ್ಚೆ ಎರಡೇ ಮಾತಿಗೆ ಬಂದು ನಿಲ್ಲುತ್ತದೆ: ಪ್ರಯಾಣಿಕರಿಗೆ ತೊಂದರೆ, ನಿಗಮಗಳಿಗೆ ನಷ್ಟ. ಎರಡೂ ನಿಜ. ಆದರೆ ಜಗಳ ಹುಟ್ಟುವ ಜಾಗ ಬೇರೆ ಇದೆ. ವೇತನ ಪರಿಷ್ಕರಣೆ ಯಾವ ದಿನದಿಂದ ಆಗಬೇಕಿತ್ತು, ಯಾವ ದಿನದಿಂದ ಆಯಿತು ಎಂಬ ಎರಡು ತಾರೀಖುಗಳ ನಡುವಿನ ಅಂತರವೇ ಪ್ರತಿ ಬಾರಿ ಬಸ್ ನಿಲ್ಲಿಸುತ್ತಿದೆ. ಆ ಅಂತರದ ಲೆಕ್ಕವನ್ನು ಓದುಗರ ಮುಂದಿಡಲು ಈ ಪತ್ರ.

ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಮತ್ತು ಕಲ್ಯಾಣ ಕರ್ನಾಟಕ ಎಂಬ ನಾಲ್ಕೂ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ನಡೆದುಬಂದ ಪದ್ಧತಿ. 2016ರ ಜುಲೈನಲ್ಲಿ ಮೂರು ದಿನ ಬಸ್ ನಿಂತ ಮೇಲೆ ಶೇ 12.5 ಹೆಚ್ಚಳ ಸಿಕ್ಕಿತು. ಆ ಅವಧಿ 2019ರ ಡಿಸೆಂಬರ್ 31ಕ್ಕೆ ಮುಗಿಯಿತು. 2020ರ ಜನವರಿ 1ರಿಂದ ಹೊಸ ವೇತನ ಬರಬೇಕಿತ್ತು, ಬರಲಿಲ್ಲ. ಕೋವಿಡ್ ಬಂತು, ಆ ವರ್ಷದ ಡಿಸೆಂಬರ್‌ನಲ್ಲಿ ಒಂದು ಮುಷ್ಕರ, 2021ರ ಏಪ್ರಿಲ್‌ನಲ್ಲಿ ಎರಡು ವಾರದ ಇನ್ನೊಂದು ಮುಷ್ಕರ, ಅದರ ಬೆನ್ನಿಗೇ ಸಾವಿರಾರು ಮಂದಿಗೆ ಅಮಾನತು, ವಜಾ, ವರ್ಗಾವಣೆ. ಕೊನೆಗೆ 2023ರ ಮಾರ್ಚ್‌ನಲ್ಲಿ ಶೇ 15 ಹೆಚ್ಚಳದ ಆದೇಶ ಹೊರಬಿತ್ತು. ಹೆಚ್ಚಳ ಲೆಕ್ಕ ಹಾಕಿದ್ದು 2019ರ ಡಿಸೆಂಬರ್ 31ರ ಮೂಲ ವೇತನದ ಮೇಲೆ, ಜಾರಿ ಮಾಡಿದ್ದು ಮಾತ್ರ 2023ರ ಮಾರ್ಚ್ 1ರಿಂದ. ನಡುವೆ ಉಳಿದದ್ದೇ ಈಗ ಎಲ್ಲರ ಬಾಯಲ್ಲಿರುವ 38 ತಿಂಗಳು.

ಈ 38 ತಿಂಗಳ ಹಿಂಬಾಕಿ ಒಬ್ಬ ನೌಕರನ ಮಟ್ಟಿಗೆ ಎಷ್ಟು? 2019ರ ಕೊನೆಗೆ ಮೂಲ ವೇತನ ₹20,000 ಇದ್ದ ಚಾಲಕನನ್ನು ಹಿಡಿಯೋಣ. ಶೇ 15 ಅಂದರೆ ತಿಂಗಳಿಗೆ ₹3,000. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ವರ್ಷಕ್ಕೊಂದು ಇನ್‌ಕ್ರಿಮೆಂಟ್ ಬಂದಂತೆಲ್ಲ ಬೆಳೆಯುವ ವ್ಯತ್ಯಾಸ, ಎಲ್ಲ ಬಿಟ್ಟರೂ 38 ತಿಂಗಳಿಗೆ ₹1,14,000. ಅದರ ಮೇಲೆ ನಿಗಮ ಕಟ್ಟಬೇಕಾದ ಶೇ 12 ಪಿಎಫ್ ಪಾಲು ₹13,680. ಅದೇ ಚಾಲಕ 30 ವರ್ಷ ಸೇವೆ ಮುಗಿಸಿ 2023ರ ಫೆಬ್ರುವರಿ 28ಕ್ಕೆ ನಿವೃತ್ತನಾದ ಎನ್ನಿ. ಗ್ರಾಚ್ಯುಟಿಯ ಸೂತ್ರ ಎಲ್ಲರಿಗೂ ಗೊತ್ತಿರುವಂಥದ್ದು: ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸುವುದು. ₹3,000 ವ್ಯತ್ಯಾಸಕ್ಕೆ ಇದು ₹51,923 ಆಗುತ್ತದೆ. ಖಾತೆಯಲ್ಲಿ 240 ದಿನದ ಗಳಿಕೆ ರಜೆ ಇದ್ದರೆ ನಗದೀಕರಣದಲ್ಲಿ ಇನ್ನೊಂದು ₹24,000. ಎಲ್ಲ ಕೂಡಿಸಿದರೆ ಎರಡು ಲಕ್ಷ ದಾಟುತ್ತದೆ. ಒಂದೇ ದಿನ ತಡವಾಗಿ, ಮಾರ್ಚ್ 1ಕ್ಕೆ ಸೇವೆಯಲ್ಲಿದ್ದವನಿಗೆ ಹೊಸ ದರ. ಹಿಂದಿನ ಸಂಜೆ ಬಸ್ಸನ್ನು ಡಿಪೊಗೆ ಒಪ್ಪಿಸಿ ಮನೆಗೆ ಹೋದವನಿಗೆ ಹಳೆಯ ದರ.

ಈ ಅನ್ಯಾಯ ಎಷ್ಟು ಎದ್ದು ಕಾಣುತ್ತಿತ್ತೆಂದರೆ, 2020ರ ಜನವರಿಯಿಂದ 2023ರ ಫೆಬ್ರುವರಿವರೆಗೆ ನಿವೃತ್ತರಾದ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿಗೆ ಗ್ರಾಚ್ಯುಟಿ ಮತ್ತು ರಜೆ ನಗದೀಕರಣದ ವ್ಯತ್ಯಾಸ ಕೊಡಲು ಸರ್ಕಾರವೇ ಸುಮಾರು ₹224 ಕೋಟಿಗೆ ಒಪ್ಪಿತು. ಒಪ್ಪಿದ್ದು ಸರಿಯಾದ ಕೆಲಸ. ಆದರೆ ಆ ಒಪ್ಪಿಗೆಯಲ್ಲೇ ಒಂದು ತಪ್ಪೊಪ್ಪಿಗೆಯೂ ಇದೆ: 2020ರ ಜನವರಿಯಿಂದ ಹೊಸ ವೇತನಕ್ಕೆ ಅವರು ಅರ್ಹರಾಗಿದ್ದರು ಎಂದು ಗ್ರಾಚ್ಯುಟಿಗೆ ಒಪ್ಪಿದ ಮೇಲೆ, ಅದೇ ತಿಂಗಳುಗಳ ಸಂಬಳಕ್ಕೆ ಒಪ್ಪುವುದಿಲ್ಲ ಎನ್ನುವುದು ಹೇಗೆ?

2025ರ ಆಗಸ್ಟ್‌ನಲ್ಲಿ ನಡೆದದ್ದು ಇದೇ ಚೌಕಾಶಿ. ಸಂಘಟನೆಗಳ ಬೇಡಿಕೆ 38 ತಿಂಗಳ ₹1,785 ಕೋಟಿ. ಸರ್ಕಾರ ಏಕಸದಸ್ಯ ಸಮಿತಿಯ ಶಿಫಾರಸು ಮುಂದಿಟ್ಟು 14 ತಿಂಗಳ ₹718 ಕೋಟಿ ಎಂದಿತು. ಅಂದರೆ 2022ರ ಜನವರಿಯಿಂದ 2023ರ ಫೆಬ್ರುವರಿವರೆಗೆ ಮಾತ್ರ. ಮಾತುಕತೆ ಮುರಿಯಿತು, ಆಗಸ್ಟ್ 5ಕ್ಕೆ ಬಸ್ ನಿಂತಿತು, ಹೈಕೋರ್ಟ್ ಮಧ್ಯೆ ಬಂದು ಮುಷ್ಕರ ಹಿಂದಕ್ಕೆ ಹೋಯಿತು. 14 ಎಂಬ ಸಂಖ್ಯೆಯನ್ನು ಹತ್ತಿರದಿಂದ ನೋಡಿ. ಮೇಲಿನ ಚಾಲಕನಿಗೆ ₹1,14,000 ಬದಲು ₹42,000 ಬರುತ್ತದೆ. 2021ರ ಡಿಸೆಂಬರ್‌ನಲ್ಲಿ ನಿವೃತ್ತನಾದವನಿಗೆ ಸಂಬಳದ ಬಾಬ್ತಿನಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಕೋವಿಡ್ ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರನ್ನು ಊರು ಮುಟ್ಟಿಸಿದ ಬಸ್ಸುಗಳನ್ನು ಓಡಿಸಿದ್ದು ಇದೇ ತಲೆಮಾರು. ತಿಂಗಳುಗಳ ಸಂಖ್ಯೆ 14 ಇರಲಿ, 26 ಇರಲಿ, ಕತ್ತರಿಸುವುದು ಹಿಂದಿನ ತುದಿಯಿಂದಾದರೆ ಪೆಟ್ಟು ಬೀಳುವುದು ಮೊದಲು ನಿವೃತ್ತರಾದವರಿಗೇ. ಅವರ ಕೈಯಲ್ಲಿ ಈಗ ಸ್ಟೀರಿಂಗ್ ಇಲ್ಲ. ಮುಷ್ಕರದ ಬೆದರಿಕೆ ಹಾಕುವ ಶಕ್ತಿಯೂ ಇಲ್ಲ.

ಅವರ ಪಿಂಚಣಿಯ ಕಥೆಯನ್ನೂ ಹೇಳಬೇಕು, ಏಕೆಂದರೆ ಸಾರಿಗೆ ನೌಕರನಿಗೆ ಸರ್ಕಾರಿ ನೌಕರನಂತೆ ಪಿಂಚಣಿ ಇದೆ ಎಂದೇ ಹಲವರು ತಿಳಿದಿದ್ದಾರೆ. ಇಲ್ಲ. ಇರುವುದು ಇಪಿಎಸ್-95, ಅಂದರೆ ಪಿಎಫ್ ಜೊತೆಗಿನ 1995ರ ನೌಕರರ ಪಿಂಚಣಿ ಯೋಜನೆ. ನಿಗಮದ ಶೇ 12 ಪಾಲಿನಲ್ಲಿ ಶೇ 8.33 ಅಲ್ಲಿಗೆ ಹೋಗುತ್ತದೆ, ಅದೂ ವೇತನ ಮಿತಿಯೊಳಗೆ. ಈ ಮಿತಿ 2014ರ ಆಗಸ್ಟ್‌ವರೆಗೆ ₹6,500, ಆಮೇಲೆ ₹15,000. ಸೂತ್ರ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 1997ರ ಸೆಪ್ಟೆಂಬರ್‌ನಲ್ಲಿ ಸೇರಿ 2025ರ ಸೆಪ್ಟೆಂಬರ್‌ಗೆ 58 ತುಂಬಿದವನ ಲೆಕ್ಕ ಹಾಕಿ. ಮೊದಲ 17 ವರ್ಷಕ್ಕೆ ₹6,500ರಂತೆ ₹1,579. ನಂತರದ 11 ವರ್ಷಕ್ಕೆ ₹15,000ದಂತೆ ₹2,357. ಇಪ್ಪತ್ತು ವರ್ಷ ದಾಟಿದ್ದಕ್ಕೆ ಸಿಗುವ ಎರಡು ವರ್ಷದ ಹೆಚ್ಚುವರಿ ಸೇರಿಸಿದರೂ ತಿಂಗಳ ಪಿಂಚಣಿ ₹4,400 ಮುಟ್ಟುವುದಿಲ್ಲ. ಇದಕ್ಕೆ ತುಟ್ಟಿಭತ್ಯೆಯೂ ಇಲ್ಲ. ಹಾಗಾಗಿ ಗ್ರಾಚ್ಯುಟಿ, ರಜೆ ಹಣ ಮತ್ತು ಪಿಎಫ್ ಮೂರೇ ಅವನ ಮುಪ್ಪಿನ ಆಧಾರ. ಮೊದಲೆರಡು ಕೊನೆಯ ಮೂಲ ವೇತನಕ್ಕೆ, ಪಿಎಫ್ ಪ್ರತಿ ತಿಂಗಳ ಮೂಲ ವೇತನಕ್ಕೆ ಅಂಟಿಕೊಂಡಿವೆ. ಪರಿಷ್ಕರಣೆ ತಡವಾದರೆ ಸೇವೆಯಲ್ಲಿರುವವನು ಕಾಯಬಲ್ಲ, ನಿವೃತ್ತನಿಗೆ ಆ ವೇತನವೇ ಕಲ್ಲಿನಲ್ಲಿ ಕೊರೆದಂತೆ ನಿಂತುಬಿಡುತ್ತದೆ.

ಪಿಎಫ್ ವಿಷಯದಲ್ಲಿ ಒಂದು ಮಾತು. ನಿಗಮಗಳ ಪಿಎಫ್ ಬಾಕಿ ಮತ್ತು ಇಂಧನ ಬಿಲ್ ತೀರಿಸಲೆಂದೇ 2025ರ ಜನವರಿಯಲ್ಲಿ ಸಚಿವ ಸಂಪುಟ ₹2,000 ಕೋಟಿ ಸಾಲಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ತಿಂಗಳ 5ರಿಂದ ಟಿಕೆಟ್ ದರವೂ ಶೇ 15 ಏರಿತು. ನಿಗಮಗಳ ಕೈ ಕಟ್ಟಿದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಶಕ್ತಿ ಯೋಜನೆಯ ಮರುಪಾವತಿ, ವಿದ್ಯಾರ್ಥಿ ಪಾಸಿನ ಹಣ ತಡವಾದಾಗ ಡೀಸೆಲ್‌ಗೆ ಮೊದಲು ಕೊಡಲೇಬೇಕು, ಇಲ್ಲದಿದ್ದರೆ ಬಸ್ಸು ಹೊರಡುವುದಿಲ್ಲ. ಆಗ ಮುಂದಕ್ಕೆ ಹೋಗುವುದು ಪಿಎಫ್, ಹಿಂಬಾಕಿ, ನಿವೃತ್ತರ ಬಿಲ್ಲು. ಹೀಗೆ ಸರ್ಕಾರದ ಯೋಜನೆಯ ಹಣದ ಕೊರತೆಯನ್ನು ನೌಕರನ ಉಳಿತಾಯದಿಂದ ತುಂಬಿಸುವುದು ವರ್ಷಗಟ್ಟಲೆ ನಡೆದಿದೆ. ಮರುಪಾವತಿಯನ್ನು ಪ್ರತಿ ತಿಂಗಳು ಪೂರ್ತಿ ಕೊಟ್ಟುಬಿಟ್ಟರೆ ಈ ಜಗಳದ ಅರ್ಧ ಬೇರು ಕಿತ್ತಂತೆ.

ಇನ್ನು ಮುಷ್ಕರದ ಕಾನೂನು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸಾರಿಗೆಯಂಥ ಸಾರ್ವಜನಿಕ ಉಪಯುಕ್ತ ಸೇವೆಗೆ ನೋಟಿಸ್ ಕೊಟ್ಟು 14 ದಿನ ಕಾಯಬೇಕಿತ್ತು. ನೋಟಿಸ್ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಕೈ ಸೇರಿದ ದಿನವೇ ಸಂಧಾನ ಶುರುವಾಯಿತು ಎಂದು ಆಗ ಅರ್ಥವಾಗುತ್ತಿತ್ತು. ಸಂಧಾನ ನಡೆಯುವಾಗ ಮತ್ತು ಮುಗಿದ ಮೇಲೆ ಏಳು ದಿನ ಮುಷ್ಕರ ನಿಷಿದ್ಧವಾಗಿತ್ತು. ಅಂದರೆ ಸರಿಯಾಗಿ ನೋಟಿಸ್ ಕೊಟ್ಟದ್ದೇ ಮುಷ್ಕರವನ್ನು ಕಟ್ಟಿಹಾಕುತ್ತಿತ್ತು. ಸಂಧಾನಸಭೆ ಮುಂದೂಡುತ್ತ ಹೋದಷ್ಟೂ ಮುಷ್ಕರ ಅಕ್ರಮವಾಗಿಯೇ ಉಳಿಯುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ 14 ದಿನದ ನೋಟಿಸ್ ಇದೆ, ಸಂಧಾನದ ಅವಧಿಯ ನಿಷೇಧವೂ ಇದೆ. ಇದರ ಮೇಲೆ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ರಾಜ್ಯದ ಎಸ್ಮಾ ಕಾಯ್ದೆ ಬೇರೆ. 2025ರಲ್ಲಿ ವರ್ಷದ ಕೊನೆಯವರೆಗೂ ಅದನ್ನು ಹೇರಲಾಗಿತ್ತು. ಮುಷ್ಕರ ಕಾನೂನುಬದ್ಧವೂ ಸಮರ್ಥನೀಯವೂ ಆಗಿದ್ದರೆ ಮಾತ್ರ ಆ ದಿನಗಳ ಸಂಬಳ ಕೇಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸಿಲ್ಲದೆ ಹತ್ತು ಅಥವಾ ಹೆಚ್ಚು ಮಂದಿ ಒಟ್ಟಾಗಿ ಗೈರಾದರೆ, ಗೈರಾದ ದಿನಗಳದ್ದಲ್ಲದೆ ಎಂಟು ದಿನದವರೆಗಿನ ವೇತನ ಕಡಿತಕ್ಕೂ ಅವಕಾಶ ಇದೆ. ಟ್ರೈನಿಗಳು ಮತ್ತು ಪ್ರೊಬೇಷನ್‌ನಲ್ಲಿರುವವರು ಇದನ್ನು ಮೊದಲು ತಿಳಿದಿರಬೇಕು, ಶಿಸ್ತುಕ್ರಮ ಮೊದಲು ಬೀಳುವುದು ಅವರ ಮೇಲೆಯೇ.

ಕಾನೂನಿನ ದಾರಿ ಇಷ್ಟು ಕಿರಿದಾಗಿರುವಾಗ ಮಾತುಕತೆಯ ದಾರಿ ಅಗಲವಾಗಿರಬೇಕು. ಈಗ ಆಗುತ್ತಿರುವುದು ಉಲ್ಟಾ. ಅವಧಿ ಮುಗಿದು ವರ್ಷಗಳಾದ ಮೇಲೆ ಸಮಿತಿ, ಸಮಿತಿಯ ಮೇಲೆ ಸಭೆ, ಕೊನೆಗೆ ಏಕಪಕ್ಷೀಯ ಸರ್ಕಾರಿ ಆದೇಶ. ಎರಡೂ ಕಡೆ ಸಹಿ ಬಿದ್ದ ಒಪ್ಪಂದಕ್ಕೂ ಆದೇಶಕ್ಕೂ ದೊಡ್ಡ ವ್ಯತ್ಯಾಸ ಇದೆ. ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ ಎಲ್ಲ ನೌಕರರಿಗೂ ನಿಗಮಕ್ಕೂ ಬದ್ಧ. ಅವಧಿ, ಜಾರಿ ತಾರೀಖು, ಹಿಂಬಾಕಿ ಎಲ್ಲವೂ ಅದರಲ್ಲಿ ಬರೆದಿರುತ್ತವೆ, ಮುರಿದರೆ ಕೇಳಲು ಕಾನೂನಿನ ಬಾಗಿಲಿದೆ. ಆದೇಶದಲ್ಲಿ ಬರೆಯದೆ ಬಿಟ್ಟದ್ದು ಮುಂದಿನ ಮುಷ್ಕರದ ಬೇಡಿಕೆಯಾಗುತ್ತದೆ. 2024ರ ಜನವರಿ 1ರಿಂದಲೇ ಮುಂದಿನ ಪರಿಷ್ಕರಣೆ ಎಂದು ಸಂಘಟನೆಗಳು ಕೇಳುವುದು ಇದಕ್ಕೇ. 2023ರ ಮಾರ್ಚ್‌ನಿಂದ ನಾಲ್ಕು ವರ್ಷ ಎಣಿಸಿದರೆ ಅದು 2027ರ ಮಾರ್ಚ್‌ಗೆ ಜಾರುತ್ತದೆ. ಒಮ್ಮೆ ಜಾರಿದ ತಾರೀಖು ಮುಂದಿನ ಎಲ್ಲ ಪರಿಷ್ಕರಣೆಗಳನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ.

ಹಿಂಬಾಕಿ ಎಷ್ಟೇ ತಿಂಗಳಿಗೆ ತೀರ್ಮಾನವಾಗಲಿ, ಬಿಲ್ ಬರೆಯುವ ಹಂತದಲ್ಲಿ ಎಡವುವ ಜಾಗಗಳು ಹಲವು. ಅವಧಿಯ ನಡುವೆ ಒಂದು ನಿಗಮದಿಂದ ಇನ್ನೊಂದಕ್ಕೆ ವರ್ಗವಾದವನ ಹಿಂಬಾಕಿ ಯಾರ ಪಾಲು? ಆದೇಶದಲ್ಲಿ ಹೇಳದಿದ್ದರೆ ಎರಡೂ ಕಚೇರಿಯವರು ಸೇವಾ ಪುಸ್ತಕವನ್ನು ಒಬ್ಬರಿಂದೊಬ್ಬರಿಗೆ ಕಳಿಸುತ್ತಲೇ ಇರುತ್ತಾರೆ. 2021ರ ಮುಷ್ಕರದ ನಂತರ ವಜಾ ಆಗಿ ಮರುನೇಮಕವಾದವರ ಮಧ್ಯದ ತಿಂಗಳುಗಳನ್ನು ಸೇವೆ ಎಂದು ಎಣಿಸಬೇಕೇ? ಅಮಾನತಿನಲ್ಲಿದ್ದವನ ಜೀವನಾಧಾರ ಭತ್ಯೆಯನ್ನು ಹೊಸ ಮೂಲ ವೇತನದ ಮೇಲೆ ಮತ್ತೆ ಲೆಕ್ಕ ಹಾಕಬೇಕೇ? ಸಂಬಳರಹಿತ ಗೈರಿನ ದಿನ, ನಡುವೆ ಬಂದ ಬಡ್ತಿ, ತಡೆಹಿಡಿದ ಇನ್‌ಕ್ರಿಮೆಂಟ್, ಇವೆಲ್ಲ ಒಂದೊಂದು ಸಾಲು ಬದಲಿಸುತ್ತವೆ. ತೀರಿಹೋದವರ ವಾರಸುದಾರರಿಗೆ ಪ್ರಮಾಣಪತ್ರ ತರಲು ತಿಂಗಳುಗಳು ಬೇಕು. ಅವರನ್ನು ಕೊನೆಯ ಕಂತಿಗೆ ಬಿಡದೆ ಮೊದಲೇ ಪಟ್ಟಿ ಮಾಡಿ ಪತ್ರ ಬರೆಯಬೇಕು. ಒಂದೇ ಆರ್ಥಿಕ ವರ್ಷದಲ್ಲಿ ಮೊತ್ತ ಒಟ್ಟಿಗೆ ಬಂದರೆ ತೆರಿಗೆ ಹೆಚ್ಚು ಬೀಳುತ್ತದೆ. ಪರಿಹಾರ ಕೇಳಲು ಯಾವ ವರ್ಷದ್ದು ಎಷ್ಟು ಎಂಬ ವಿವರ ಬೇಕು, ಬ್ಯಾಂಕ್ ಪಾಸ್‌ಬುಕ್‌ನ ಒಂದು ಸಾಲಿನಿಂದ ಅದು ಸಿಗದು.

ಆದ್ದರಿಂದ ಸರ್ಕಾರ ಮತ್ತು ನಿಗಮಗಳಲ್ಲಿ ನಮ್ಮ ಒತ್ತಾಯ ಇಷ್ಟೇ. ಪ್ರತಿಯೊಬ್ಬರಿಗೂ ತಿಂಗಳುವಾರು ಹಿಂಬಾಕಿ ಪಟ್ಟಿ ಕೊಡಿ: ಪಡೆದದ್ದು, ಪಡೆಯಬೇಕಾದದ್ದು, ತುಟ್ಟಿಭತ್ಯೆ, ಪಿಎಫ್ ಎಲ್ಲ ಬೇರೆ ಬೇರೆ ಕಲಂನಲ್ಲಿ. ಹಣ ಕಂತಿನಲ್ಲಿ ಕೊಡುವುದಾದರೆ ಮೊದಲ ಕಂತು ನಿವೃತ್ತರಿಗೆ ಮತ್ತು ತೀರಿಹೋದವರ ಮನೆಯವರಿಗೆ ಹೋಗಲಿ, ಸೇವೆಯಲ್ಲಿರುವವರು ಎರಡನೆಯದಕ್ಕೆ ಕಾಯಬಲ್ಲರು. ಕಂತಿನ ತಾರೀಖು ಆದೇಶದಲ್ಲೇ ಇರಲಿ. ಮುಂದಿನ ಒಪ್ಪಂದದ ಮಾತುಕತೆ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಶುರುವಾಗಲಿ, ತಡವಾದರೆ ಮುಂದೆ ಹೊಂದಿಸಿಕೊಳ್ಳುವಂತೆ ಮಧ್ಯಂತರ ಪರಿಹಾರ ತಾನಾಗಿ ಜಾರಿಗೆ ಬರಲಿ.

ಸಂಘಟನೆಗಳಿಗೂ ಒಂದು ಮಾತು. ಬಣಗಳು ಬೇರೆ ಬೇರೆ ಬೇಡಿಕೆ ಪಟ್ಟಿ ಹಿಡಿದು ಹೋದಾಗ ಸರ್ಕಾರಕ್ಕೆ ಕೆಲಸ ಸುಲಭ. ಒಂದು ಬಣ ಸರ್ಕಾರಿ ನೌಕರರ ಸ್ಥಾನಮಾನ ಮತ್ತು ವೇತನ ಆಯೋಗ ಕೇಳುತ್ತದೆ, ಇನ್ನೊಂದು ನಾಲ್ಕು ವರ್ಷದ ಒಪ್ಪಂದ ಕೇಳುತ್ತದೆ. ಇವೆರಡೂ ಒಟ್ಟಿಗೆ ಸಿಗುವುದಿಲ್ಲ, ಯಾವುದು ಬೇಕೆಂದು ಡಿಪೊ ಮಟ್ಟದಲ್ಲಿ ನೌಕರರನ್ನೇ ಕೇಳಿ ಮೊದಲು ತೀರ್ಮಾನಿಸಿಕೊಳ್ಳಬೇಕು. ನಿವೃತ್ತರ ಪ್ರತಿನಿಧಿಯೊಬ್ಬರು ಮಾತುಕತೆಯ ಮೇಜಿನಲ್ಲಿ ಇರಲೇಬೇಕು.

ಈಗಾಗಲೇ ನಿವೃತ್ತರಾದವರು ಸೇವಾ ಪುಸ್ತಕದ ಕೊನೆಯ ಪುಟಗಳು, ಕೊನೆಯ ವೇತನ ಚೀಟಿ, ಗ್ರಾಚ್ಯುಟಿ ಲೆಕ್ಕದ ಹಾಳೆ ಮತ್ತು ರಜೆ ಖಾತೆಯ ಪ್ರತಿಯನ್ನು ವಿಭಾಗೀಯ ಕಚೇರಿಯಿಂದ ಈಗಲೇ ಪಡೆದಿಟ್ಟುಕೊಳ್ಳಲಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿ. ಗ್ರಾಚ್ಯುಟಿ 30 ದಿನದೊಳಗೆ ಕೈಸೇರಬೇಕು, ತಡವಾದರೆ ಬಡ್ಡಿ ಕೇಳುವ ಹಕ್ಕಿದೆ, ಅದಕ್ಕೆ ಕಾರ್ಮಿಕ ಇಲಾಖೆಯ ಸಂಬಂಧಪಟ್ಟ ಅಧಿಕಾರಿಗೆ ಅರ್ಜಿ ಕೊಡಬೇಕು. 58 ತುಂಬಿದವರು ಇಪಿಎಸ್‌ಗೆ ಪಿಂಚಣಿ ಕೇಳುವ 10ಡಿ ಅರ್ಜಿ ಹಾಕಬಹುದು, 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ 4 ಹೆಚ್ಚುತ್ತದೆ. ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಆಧಾರ್ ಮತ್ತು ಪಿಎಫ್ ದಾಖಲೆಯಲ್ಲಿ ತಾಳೆಯಾಗದೆ ಅರ್ಜಿ ವಾಪಸ್ ಬರುವುದೇ ಹೆಚ್ಚು. ಸೇವೆಯಲ್ಲಿರುವಾಗಲೇ, ನಿಗಮದ ಸಹಿ ಸುಲಭವಾಗಿ ಸಿಗುವ ಹೊತ್ತಿನಲ್ಲೇ, ಅದನ್ನು ಸರಿಪಡಿಸಿಕೊಳ್ಳಬೇಕು.

ಇಂತಿ,
ಸಾರಿಗೆ ನೌಕರರ ವೇತನ, ಪಿಂಚಣಿ ಲೆಕ್ಕ ಬಲ್ಲ ಓದುಗರು