ಹಗಲು ಕಚ್ಚುವ ಸೊಳ್ಳೆಗೆ ರಾತ್ರಿ ಹೊಗೆ

ಮಾನ್ಯರೇ,

ಮಳೆಗಾಲದಲ್ಲಿ ನಮ್ಮ ಓಣಿಗೆ ಹೊಗೆ ಬಿಡುವ ಯಂತ್ರ ಬರುವುದು ರಾತ್ರಿ ಎಂಟರ ಮೇಲೆಯೇ. ಚರಂಡಿಯ ಕ್ಯೂಲೆಕ್ಸ್ ಸೊಳ್ಳೆಗಳು ಆಗ ಒಂದಿಷ್ಟು ಸಿಕ್ಕಾವು. ಆದರೆ ಡೆಂಗಿ ಹರಡುವ ಈಡಿಸ್ ಇಜಿಪ್ಟಿ ಕಚ್ಚುವುದು ಹಗಲು ಹೊತ್ತು, ಅದರಲ್ಲೂ ಬೆಳಿಗ್ಗೆ ಬಿಸಿಲೇರುವ ಮುನ್ನ ಮತ್ತು ಸಂಜೆ ಹೊತ್ತು ಮುಳುಗುವ ಮುಂಚೆ. ಯಂತ್ರ ಬರುವಷ್ಟರಲ್ಲಿ ಅದು ಯಾರದೋ ಮನೆಯ ಮಂಚದ ಕೆಳಗೋ ಗೂಟದ ಬಟ್ಟೆಗಳ ಮರೆಯಲ್ಲೋ ಕುಳಿತಿರುತ್ತದೆ.

ಬಾಗಲಕೋಟೆ ಜಿಲ್ಲೆಯ ನೇಕಾರರಿಗೆ ಇದರ ಕಾಟ ಇನ್ನೂ ಹೆಚ್ಚು. ಇಳಕಲ್ ಸೀರೆಯನ್ನಾಗಲಿ ಗುಳೇದಗುಡ್ಡದ ರವಿಕೆ ಖಣವನ್ನಾಗಲಿ ಕುಣಿಮಗ್ಗದಲ್ಲಿ ನೇಯುವವರು ದಿನವಿಡೀ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಿರುತ್ತಾರೆ. ಈ ಸೊಳ್ಳೆಗೆ ಬೇಕಾದ ಕತ್ತಲು, ತಂಪು, ಬರಿಯ ಕಣಕಾಲು ಮೂರೂ ಅಲ್ಲಿವೆ. ಕೈಯಲ್ಲಿ ಲಾಳಿ ಓಡುತ್ತಿರುವಾಗ ಹೊಡೆಯಲು ಬಿಡುವಿಲ್ಲ, ಕಾಲು ಒದರಿದರೆ ಅದು ಏಳುತ್ತದೆ ಅಷ್ಟೇ. ಅಪಾಯವಿರುವುದು ಹೀಗೆ ಅರೆಹೊಟ್ಟೆಯಲ್ಲಿ ಎದ್ದ ಸೊಳ್ಳೆಯಲ್ಲಿಯೇ. ತತ್ತಿ ಕಟ್ಟಲು ಬೇಕಾದ ರಕ್ತ ಪೂರ್ತಿ ಸಿಗುವವರೆಗೆ ಈ ಹೆಣ್ಣು ಸೊಳ್ಳೆ ಬಿಡುವುದಿಲ್ಲವಾದ್ದರಿಂದ, ಮಗ್ಗದಿಂದೆದ್ದು ಲಾಳಿಯ ಕಂಡಿಕೆಗೆ ನೂಲು ಸುತ್ತುವವಳ ಮೇಲೆ, ಅಲ್ಲಿಂದ ತೊಟ್ಟಿಲ ಕೂಸಿನ ಮೇಲೆ ಕೂರುತ್ತದೆ. ಅದರ ಜೊಲ್ಲಿನಲ್ಲಿ ವೈರಸ್ ಇದ್ದರೆ ಒಂದೇ ಸೊಳ್ಳೆಯಿಂದ ಮನೆಮಂದಿಯೆಲ್ಲ ಹಾಸಿಗೆ ಹಿಡಿಯಬಹುದು. ರಾತ್ರಿ ಪರದೆ ಕಟ್ಟಿಕೊಂಡು ಮಲಗುವ ನಾವೇ ಬೆಳಗಾದರೆ ಬರಿಗಾಲಲ್ಲಿ ಕುಣಿಗೆ ಇಳಿಯುತ್ತೇವೆಂಬುದನ್ನೂ ಒಪ್ಪಿಕೊಳ್ಳಬೇಕು.

ಇನ್ನು ನೀರಿನ ಮಾತು. ನಲ್ಲಿ ನೀರು ದಿನಗಟ್ಟಲೆ ಬಾರದ ಕಾರಣ ಮನೆಮನೆಯಲ್ಲೂ ಬ್ಯಾರಲ್‌ಗಳಿವೆ. ಕಳೆದ ತಿಂಗಳು ನಮ್ಮ ಬ್ಯಾರಲ್ ಬರಿದು ಮಾಡಿ ಬ್ಯಾಟರಿ ಬೆಳಕು ಬಿಟ್ಟು ನೋಡಿದಾಗ, ನೀರು ನಿಂತಿದ್ದ ಗೆರೆಗುಂಟ ಮಸಿಯ ಚುಕ್ಕಿಗಳಂತೆ ತತ್ತಿಗಳು ಅಂಟಿದ್ದವು. ಒಣಗಿದರೂ ತಿಂಗಳುಗಟ್ಟಲೆ ಸಾಯದ ಇವು ನೀರು ತಾಕಿದೊಡನೆ ಮರಿಯೊಡೆಯುತ್ತವೆ, ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಒಳಮೈಯನ್ನು ನಾರಿನಿಂದ ಗಸಗಸ ತಿಕ್ಕಬೇಕು. ಮನೆಗೆ ಬರುವ ಸಿಬ್ಬಂದಿ ‘ನೀರು ಚೆಲ್ಲಿ’ ಎಂದಷ್ಟೇ ಹೇಳಿ ಗೋಡೆಗೆ ಗುರುತು ಬರೆದು ಹೋಗುತ್ತಾರೆ.

ಹೊಗೆ ಬಿಡಲೇಬೇಕೆಂದಿದ್ದರೆ ಬೆಳಿಗ್ಗೆ ಅಥವಾ ಸಂಜೆ ಬೆಳಕಿರುವಾಗಲೇ, ಬಾಗಿಲು ತೆರೆದಿಡುವಂತೆ ಮೊದಲೇ ಸಾರಿ ಬಿಡಲಿ. ಅದಕ್ಕಿಂತ ಮುಖ್ಯವಾಗಿ, ತಪಾಸಣೆಗೆ ಬಂದವರು ಹೊಸ್ತಿಲಲ್ಲೇ ನಿಲ್ಲದೆ ಬ್ಯಾಟರಿ ಹಿಡಿದು ಒಳಗೆ ಬಂದು, ಬ್ಯಾರಲ್ಲಿನೊಳಗೂ ಮಗ್ಗದ ಕುಣಿಯೊಳಗೂ ಬಗ್ಗಿ ನೋಡಲಿ.

– ಒಬ್ಬ ನೇಕಾರ, ಬಾಗಲಕೋಟೆ ಜಿಲ್ಲೆ